ಗುನ್‌ವೋರ್ ಅವರ ಕೈಗಳ ಸಂರಕ್ಷಣೆ

ನಮ್ಮ ವಿಮಾನ ಸಂಸ್ಥೆಯಲ್ಲಿ ಪೈಲಟ್‌ಗಳು ಕೈಯಿಂದ ವಿಮಾನ ಹಾರಿಸುವುದಕ್ಕೆ ಯಾವ ನಿಷೇಧವೂ ಇಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಹಾರಿಸಿದವರು ಶುಕ್ರವಾರ ಕಚೇರಿಗೆ ಕೇಕ್ ತರಬೇಕು, ಅಷ್ಟೇ. ನಮ್ಮ ಬೂಡೊ ಊರಿನ ಕಚೇರಿಗಳಲ್ಲಿ ಕಂಪ್ಯೂಟರನ್ನು ಲಾಕ್ ಮಾಡದೆ ಎದ್ದುಹೋದವನು ಎಲ್ಲರಿಗೂ ಕೇಕ್ ತರುವುದು ರೂಢಿ. ಆಟೋಪೈಲಟ್ ಆಫ್ ಮಾಡಿದವರಿಗೂ ಆ ರೂಢಿಯನ್ನು ವಿಸ್ತರಿಸಿದ ಕೀರ್ತಿ ಕೌಶಲ್ಯ ಸಂರಕ್ಷಣಾ ವಿಭಾಗದ ಮುಖ್ಯಸ್ಥರಾದ ಟೂರ್‌ಲೈಫ್ ಅವರದು. ಪ್ರಕಟಣೆಗಳನ್ನು ಬರೆಯುವವನು ನಾನು. ಕೇಕ್ ಎಂದರೆ ನನಗೆ ಪ್ರಾಣ, ಹಾಗಾಗಿ ಈ ನಿಯಮವನ್ನು ಅಕ್ಕರೆಯಿಂದಲೇ ಬರೆದೆ.

ಕೆಲವೇ ತಿಂಗಳಲ್ಲಿ ಪೈಲಟ್‌ಗಳೆಲ್ಲ ಕೈಕಟ್ಟಿ ಕೂತರು. ಕ್ಯಾಪ್ಟನ್ ಗುನ್‌ವೋರ್ ಒಬ್ಬರು ಮಾತ್ರ ಬಿಡಲಿಲ್ಲ. ಅವಕಾಶ ಸಿಕ್ಕಾಗಲೆಲ್ಲ ಕೈಯಾರೆ ಇಳಿಸುವರು, ಶುಕ್ರವಾರ ಬಾದಾಮಿ ಕೇಕ್ ತರುವರು. ನಾವು ತಿಂದು ದಪ್ಪಗಾದೆವು.

ಕಳೆದ ಚಳಿಗಾಲದಲ್ಲಿ ಕಡಲ ಕಡೆಯಿಂದ ಅಡ್ಡಗಾಳಿ ಎದ್ದು, ಸರಿಯಾಗಿ ಇಳಿಯುವ ಹೊತ್ತಿಗೆ ಆಟೋಪೈಲಟ್ ಕೈಕೊಟ್ಟಿತು. ಗುನ್‌ವೋರ್ ಇಳಿಸಿದರು. ಸಹಪೈಲಟ್ ಐವಿಂಡ್‌ನ ಕೈಗಳು ಅವನ ತೊಡೆಯ ಮೇಲೇ ಇದ್ದವು. ಪ್ರಯಾಣಿಕರೆಲ್ಲ ಮನೆ ಸೇರಿದರೆಂದು ಕೇಳಿ ನನ್ನ ಕಣ್ಣು ತುಂಬಿತು, ಆದರೆ ಪ್ರಕಟಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಶುಕ್ರವಾರ ಕೇಕಿನ ಸುತ್ತ ಸಭೆ ಸೇರಿತು.

“ಕೈಯಿಂದ ಇಳಿಸೋಕೆ ಬರೋದು ಈಗ ನಿಮಗೊಬ್ಬರಿಗೇ,” ಎಂದರು ಟೂರ್‌ಲೈಫ್, ಬಾಯಿತುಂಬ ಕೇಕ್ ಇಟ್ಟುಕೊಂಡು. “ಇಂಥಾದ್ದನ್ನ ದಿನಾ ಬಳಸಿ ಸವೆಸೋದಾ? ಇನ್ಮೇಲೆ ನೀವು ನೆಲದ ಮೇಲೇ ಇರಿ.”

“ಇದೇನು ಬೆಳ್ಳಿ ಚಮಚಾನಾ, ಬೀರುವಲ್ಲಿ ಇಡೋಕೆ?” ಎಂದರು ಗುನ್‌ವೋರ್. “ ಬಳಸ್ದೇ ಇದ್ರೇನೇ ಹಾಳಾಗೋದು. ಈ ಹುಡುಗರಿಗೆ ಕಲಿಸೋಕಾದ್ರೂ ಬಿಡಿ ನನ್ನ.”

“ನಾನು ಕಲೀತೀನಿ,” ಎಂದ ಐವಿಂಡ್. ಅವನ ಮುಖ ಇನ್ನೂ ಬಿಳಿಚಿಕೊಂಡಿತ್ತು. “ಅವತ್ತು ಇವರು ಇಲ್ದೇ ಇದ್ದಿದ್ರೆ ನಾವೆಲ್ಲ ಸಮುದ್ರದ ಪಾಲು.”

“ನಿನಗೆ ಕೇಕ್ ಮಾಡೋಕೆ ಬರುತ್ತೇನಯ್ಯಾ?”

“ಇಲ್ಲ.”

“ಮತ್ತೆ!” ಎಂದು ಟೂರ್‌ಲೈಫ್ ಎರಡನೇ ತುಂಡು ತೆಗೆದುಕೊಂಡರು. ಸಭೆ ಮುಗಿಯಿತು.

ಗುನ್‌ವೋರ್ ಅವರಿಗೆ ರನ್‌ವೇ ಕಾಣುವ ಬೆಚ್ಚನೆಯ ಕೋಣೆಯನ್ನೂ, ಕೈಗಳ ರಕ್ಷಣೆಗೆ ಉಣ್ಣೆಯ ಕೈಗವಸನ್ನೂ ಮಂಜೂರು ಮಾಡಲಾಯಿತು. ಗಾಳಿ ಜೋರಾದ ದಿನ ವಿಮಾನಗಳು ಇಳಿಯುವುದನ್ನು ಅವರು ನೋಡುತ್ತಿದ್ದರೆ ಅವರ ಕೈಗಳು ಮೇಜಿನ ಮೇಲೆ ತಾವಾಗಿ ಆಡುತ್ತಿದ್ದವು. ಇದೂ ಸವೆತವೇ ಎಂದು ಪರಿಗಣಿಸಿ ಅವರ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಲಾಯಿತು.

ಕಳೆದ ವಾರ ನಾನು ಊರಿಗೆ ವಾಪಸಾಗುತ್ತಿದ್ದೆ. ಸಂಜೆ ಐದಾಗಿತ್ತು. ವಿಮಾನ ಒಂದೇ ಸಮನೆ ಅಲುಗಾಡುತ್ತಿತ್ತು. ನಾನೇ ಬರೆದ ಪ್ರಕಟಣೆಯನ್ನು ಐವಿಂಡ್ ಓದಿದ:

“ಮಾನ್ಯ ಪ್ರಯಾಣಿಕರೇ, ಅಡ್ಡಗಾಳಿ ಜೋರಾಗಿದೆ. ವಿಮಾನವನ್ನು ಕೈಯಿಂದ ಇಳಿಸಬಲ್ಲ ಪೈಲಟ್ ನಮ್ಮ ಸಂಸ್ಥೆಯಲ್ಲಿದ್ದಾರೆ. ಅವರು ಬೂಡೊ ಕಚೇರಿಯಲ್ಲಿ, ಸಂಜೆ ನಾಲ್ಕರವರೆಗೆ, ಸುರಕ್ಷಿತವಾಗಿದ್ದಾರೆ.”

“ಅಬ್ಬಾ, ಒಬ್ಬರಾದ್ರೂ ಇದ್ದಾರಲ್ಲ!” ಎಂದು ಪಕ್ಕದ ಅಜ್ಜಿ ನೆಮ್ಮದಿಯಿಂದ ಬೆಲ್ಟ್ ಬಿಗಿದುಕೊಂಡರು.

ನಾನೂ ಬಿಗಿದುಕೊಂಡೆ.