ಮೂರೂವರೆ ಬಸ್ಸಿಗೆ ಹೋದ ಸರ್ಕಾರ

ಭಾರತದ ಸಂಸದೀಯ ವ್ಯವಸ್ಥೆಯನ್ನು ಬಿ.ಎ. ಮೊದಲ ವರ್ಷದವರ ತಲೆಗೆ ಇಳಿಸುವುದು ಬಲು ಸುಲಭ ಎಂದು ನಾನು ನಂಬಿದ್ದೆ. ಈ ನಂಬಿಕೆಗೆ ಆಧಾರವೇನು ಎಂದು ಮಾತ್ರ ಕೇಳಬೇಡಿ. ಸಿಂಧನೂರಿನ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಕರೆದರೆ ಮಾತ್ರ ಬರಬೇಕು! ಏಳು ವರ್ಷದಿಂದ ಅವರು ಕರೆಯುತ್ತಿದ್ದಾರೆ, ನಾನು ಲಿಂಗಸುಗೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೇನೆ.

ಈ ಸಲ ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆಸಿದರು.

"ಮೇಡಂ, ಕಾಲೇಜು ನೋಡಾಕ ಹೊರಗಿಂದ ಒಂದು ತಂಡ ಬರಾಕತ್ತೈತಿ. ನಿಮ್ಮ ಕ್ಲಾಸಿನ್ಯಾಗ ಏನರ ಹೊಸಾದು ತೋರಸ್ರಿ. ಚಲೋ ಆತಂದ್ರ ಮುಂದಿನ ವರ್ಷನೂ ನಿಮಗ ವಾರಕ್ಕ ಹದಿನೈದು ತಾಸು ಗಟ್ಟಿ."

"ಆಗ್ಲಿಲ್ಲಂದ್ರ ಸರ್?"

ಅವರು ಕಿಟಕಿಯಾಚೆ ನೋಡತೊಡಗಿದರು. ಹದಿನೈದು ತಾಸೆಂದರೆ ಪೂರ್ತಿ ಕೆಲಸ. ಅದು ಎಂಟಕ್ಕಿಳಿದರೆ ನಾನು ಅರ್ಧ ಉಪನ್ಯಾಸಕಿ. ಕಳೆದ ವರ್ಷ ಹಾಗಾದ ಇತಿಹಾಸದ ಮೇಡಂ ಸ್ಟಾಫ್ ರೂಮಿನಲ್ಲಿ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಾರೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಮೊದಲ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು.

"ಹುಡುಗರ ಕಡಿಂದ ಅಣಕು ಸಂಸತ್ತು ಮಾಡಸ್ತೀನಿ" ಎಂದು ಘೋಷಿಸಿದೆ.

"ಮನ್ಯಾಗ ಇಬ್ಬರ ಇದ್ದೀವಿ. ನನಗ ಒಬ್ಬನಿಗೇ ಮಾತಾಡಾಕ ಬಿಡಂಗಿಲ್ಲ. ಅಲ್ಲಿ ನಲವತ್ತು ಮಂದಿಗೆ ಬಿಡ್ತೀಯೇನು?"

"ಅದು ಪ್ರಜಾಪ್ರಭುತ್ವ. ಇದು ಮನಿ!"

ಮರುದಿನವೇ ಸಂಸತ್ತನ್ನು ರಚಿಸಿದೆ. ತರಗತಿಯ ಮಧ್ಯೆ ಸೀಮೆಸುಣ್ಣದ ಗೆರೆ ಎಳೆದು, ಬಾಗಿಲ ಕಡೆ ಕೂತಿದ್ದ ಇಪ್ಪತ್ತೆರಡು ಜನರನ್ನು ಆಡಳಿತ ಪಕ್ಷವೆಂದೂ ಕಿಟಕಿ ಕಡೆಯ ಹದಿನೆಂಟು ಜನರನ್ನು ವಿರೋಧ ಪಕ್ಷವೆಂದೂ ಸಾರಿದೆ. ಜಾತಿ ನೋಡಲಿಲ್ಲ, ಅಂಕ ನೋಡಲಿಲ್ಲ, ಶಿಫಾರಸು ಕೇಳಲಿಲ್ಲ. ನನ್ನ ನಿಷ್ಪಕ್ಷಪಾತಕ್ಕೆ ನಾನೇ ಮನಸೋತೆ. ಮಸ್ಕಿಯ ರೇಣುಕಾ ಪ್ರಧಾನಿ. ತುರ್ವಿಹಾಳದ ಮಲ್ಲಿಕಾರ್ಜುನ ವಿರೋಧ ಪಕ್ಷದ ನಾಯಕ. ಊರಿನವಳೇ ಆದ, ಯಾರಿಗೂ ಹೆದರದ ಸುಜಾತಾ ಎರಡೂ ಪಕ್ಷಕ್ಕೆ ಸೇರದ ಸಭಾಧ್ಯಕ್ಷೆ. ಅವಳ ಕೈಗೊಂದು ಗಂಟೆ ಕೊಟ್ಟೆ.

ನಾನು ಎಡವಿದ್ದು ಇಲ್ಲಿಯೇ. ನಮ್ಮ ಕಾಲೇಜಿನಲ್ಲಿ ಹುಡುಗರು ಕೂರುವುದು ಬಸ್ಸಿನ ಲೆಕ್ಕದಲ್ಲಿ. ಮಸ್ಕಿ, ಲಿಂಗಸುಗೂರು ಕಡೆಯವರೆಲ್ಲ ಬಾಗಿಲ ಪಕ್ಕ ಕೂರುತ್ತಾರೆ, ಏಕೆಂದರೆ ಅವರ ಬಸ್ಸು ಮೂರೂವರೆಗೆ. ಅದು ತಪ್ಪಿದರೆ ಐದೂವರೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ನೊಣ ಹೊಡೆಯಬೇಕು. ಕಿಟಕಿ ಕಡೆಯವರು ಊರಿನವರು, ಇಲ್ಲವೇ ತಾಸಿಗೊಂದು ಬಸ್ಸಿರುವ ತುರ್ವಿಹಾಳದವರು. ಇದು ನನಗೆ ಗೊತ್ತಿರಲಿಲ್ಲವೇ? ಏಳು ವರ್ಷದಿಂದ ನಾನೂ ಅದೇ ಮೂರೂವರೆಯ ಬಸ್ಸಿನವಳು! ಆದರೆ ದೇಶ ಕಟ್ಟುವ ಭರದಲ್ಲಿ ಬಸ್ಸು ಯಾರಿಗೆ ನೆನಪಾಗುತ್ತದೆ?

ನಿಗದಿಯಾದ ದಿನ ಹನ್ನೊಂದು ಗಂಟೆಗೆ ಬರಬೇಕಿದ್ದ ತಂಡ ಪ್ರಿನ್ಸಿಪಾಲರ ರೊಟ್ಟಿ, ಎಣ್ಣೆಗಾಯಿ ಮುಗಿಸಿ ಎರಡೂ ಮುಕ್ಕಾಲಿಗೆ ಬಂತು. ಮೂವರು ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತರು. ನಾನು ಗಂಟಲು ಸರಿಮಾಡಿಕೊಂಡು, "ಸದನದ ವಿಶ್ವಾಸ ಇರುವವರೆಗೆ ಮಾತ್ರ ಸರ್ಕಾರ ಇರುತ್ತದೆ" ಎಂದು ಪೀಠಿಕೆ ಹಾಕಿದೆ.

ಮೊದಲ ಹದಿನೈದು ನಿಮಿಷ ಸ್ವರ್ಗ!

"ಕಾಲುವಿ ಕೊನೀ ಭಾಗಕ್ಕ ನೀರು ಯಾವಾಗ ಬಿಡ್ತೀರಿ?" ಎಂದು ಮಲ್ಲಿಕಾರ್ಜುನ ಗುಡುಗಿದ.

"ಅದಕ್ಕಂತನ ಒಂದು ಸಮಿತಿ ಮಾಡೀವಿ" ಎಂದಳು ರೇಣುಕಾ. ಹಿರಿಯರು ತಲೆದೂಗಿದರು.

ಮೂರು ಗಂಟೆಗೆ ಸಾರಿಗೆ ಮಂತ್ರಿ ಎದ್ದು ಸಭಾಧ್ಯಕ್ಷೆಗೆ ಬಾಗಿ ನಮಸ್ಕರಿಸಿ ಹೊರಗೆ ಹೋದ. ಎಂಥ ಶಿಸ್ತು ಎಂದುಕೊಂಡೆ. ಹಿಂದೆಯೇ ರೈಲ್ವೆ ಮಂತ್ರಿಯೂ ಹೋದ. ಕಿಟಕಿಯಿಂದ ನೋಡಿದರೆ ಇಬ್ಬರೂ ಕೈತುಂಬ ಕರ್ಚೀಫು ಹಿಡಿದು ಬಸ್ ಸ್ಟ್ಯಾಂಡಿನತ್ತ ಓಡುತ್ತಿದ್ದಾರೆ! ಬಸ್ಸಿನ ಕಿಟಕಿಯೊಳಗೆ ಕರ್ಚೀಫು ಎಸೆದರೆ ಆ ಸೀಟು ನಿಮ್ಮದು. ನಮ್ಮ ಕಡೆ ಎಲ್ಲರೂ ಪಾಲಿಸುವ ಕಾನೂನು ಇದೊಂದೇ. ಪ್ರಧಾನಿಯವರು ಇಡೀ ಸಂಪುಟದ ಕರ್ಚೀಫು ಒಟ್ಟುಮಾಡಿ ಕಳಿಸಿದ್ದರು.

ರೇಣುಕಾಳಿಗೆ ಕಣ್ಣು ಬಿಟ್ಟೆ. ಅವಳು ಕೈಗಡಿಯಾರ ತೋರಿಸಿ ಕೈಮುಗಿದಳು. ಅಷ್ಟರಲ್ಲಿ ಇನ್ನೂ ಮೂವರು ಬಗ್ಗಿಕೊಂಡು ಬಾಗಿಲು ದಾಟಿದರು.

ಮಲ್ಲಿಕಾರ್ಜುನ ಬೆರಳು ಮಡಚಿ ಎಣಿಸಿದವನೇ ಎದ್ದು ನಿಂತ. "ಅಧ್ಯಕ್ಷರೇ, ಅವರು ಹದಿನೇಳು ಮಂದಿ ಉಳದಾರ. ನಾವು ಹದಿನೆಂಟು ಅದೀವಿ. ಅವಿಶ್ವಾಸ ಮಂಡಸ್ತೀವ್ರಿ!"

ನಾನು ಬರೆದುಕೊಟ್ಟಿದ್ದರಲ್ಲಿ ಅವಿಶ್ವಾಸ ಇರಲೇ ಇಲ್ಲ! ಕುಡಿಯುವ ನೀರಿನ ಮಸೂದೆ ಪಾಸಾಗಿ ಎಲ್ಲರೂ ಚಪ್ಪಾಳೆ ಹೊಡೆಯಬೇಕಿತ್ತು. ರೇಣುಕಾ ಎದ್ದಳು.

"ಅಧ್ಯಕ್ಷರೇ, ಸರ್ಕಾರ ಬಿದ್ರ ಬೀಳ್ಲಿ. ಬಸ್ಸು ತಪ್ಪಿದ್ರ ನಾವು ಮನಿಗೆ ಹೋಗೋದು ಯಾವಾಗ್ರಿ? ನಾ ರಾಜೀನಾಮೆ ಕೊಟ್ಟೀನಿ!"

ಇಡೀ ಸಂಪುಟ ಬ್ಯಾಗು ಹೆಗಲಿಗೇರಿಸಿ ಹೊರಟಿತು.

"ಐದೇ ನಿಮಿಷ, ಹಿಡಿದು ತರುತ್ತೇನೆ" ಎಂದು ಹಿರಿಯರಿಗೆ ಭರವಸೆ ಕೊಟ್ಟು, ಫೋನನ್ನು ಮೇಜಿನ ಮೇಲೆಯೇ ಬಿಟ್ಟು, ಸೆರಗು ಸಿಕ್ಕಿಸಿ ಸರ್ಕಾರದ ಹಿಂದೆ ಓಡಿದೆ. ಬಸ್ಸು ಹತ್ತಿ ನೋಡಿದರೆ ಪ್ರಧಾನಿ ಮೂರನೇ ಸೀಟಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಾಳೆ.

"ರೇಣುಕಾ, ಇಳೀ ಕೆಳಗ! ನನ್ನ ನೌಕರಿ ಹೊಕ್ಕೈತಿ!"

"ಸಿಟ್ಟಾಗಬ್ಯಾಡ್ರಿ ಮೇಡಂ. ನಿಮಗೂ ಕರ್ಚೀಫ್ ಹಾಕೀವಿ, ಕುಂದರ್ರಿ."

ಕಿಟಕಿ ಪಕ್ಕದ ಸೀಟು! ಏಳು ವರ್ಷದಲ್ಲಿ ಈ ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಸಿಕ್ಕಿದ್ದೇ ಇಲ್ಲ. ಎರಡೇ ನಿಮಿಷ ಕೂತು ಬುದ್ಧಿ ಹೇಳಿ ಇಳಿಸಿಕೊಂಡು ಹೋಗೋಣವೆಂದು ಕುಳಿತೆ. ಸಂಪುಟದ ಸಾಮೂಹಿಕ ಹೊಣೆಗಾರಿಕೆಯ ಮೇಲೆ ಸುದೀರ್ಘವಾಗಿ ಮಾತನಾಡಿದೆ. ಎಲ್ಲರೂ ಎಂದೂ ಇಲ್ಲದಷ್ಟು ಗಮನವಿಟ್ಟು ಕೇಳಿದರು. ಮಾತು ಮುಗಿಸಿ ಹೊರಗೆ ನೋಡಿದರೆ ಎರಡೂ ಕಡೆ ಭತ್ತದ ಗದ್ದೆ ಓಡುತ್ತಿದೆ!

"ನಿಲ್ಲಸ್ರಿ!" ಎಂದು ಕಿರುಚಿದೆ.

"ಇಲ್ಲಿ ಸ್ಟಾಪ್ ಇಲ್ರಿ ಮೇಡಂ. ಇನ್ನ ಮಸ್ಕಿಗೇ" ಎಂದ ಕಂಡಕ್ಟರ್.

ಮಸ್ಕಿಯಲ್ಲಿ ಇಳಿದು ವಾಪಸ್ಸು ಹೋಗುವಷ್ಟರಲ್ಲಿ ತಂಡವೇ ಇರುವುದಿಲ್ಲ. ಸುಮ್ಮನೆ ಲಿಂಗಸುಗೂರಿಗೇ ಬಂದೆ.

"ಸಂಸತ್ತು ಹೆಂಗಾತು?" ಎಂದು ಗಂಡ ಕೇಳಿದರು.

"ಸರ್ಕಾರ ಬಿತ್ತು."

"ನೀ ಎಲ್ಲಿದ್ದಿ?"

"ಸರ್ಕಾರದ ಜೋಡಿ ಬಸ್ಸಿನ್ಯಾಗ." ಅವರು ನಗು ತಡೆಯಲು ಬಚ್ಚಲಿಗೆ ಹೋದರು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರ ಮುಖ ಅರಳಿತ್ತು! ನಾನು ಹೋದ ಮೇಲೆ ಮಲ್ಲಿಕಾರ್ಜುನ ಪ್ರಧಾನಿಯಾಗಿ, ಕಾಲುವೆ ಮಸೂದೆ ಪಾಸಾಗಿ, ಹಿರಿಯರ ಪ್ರಶ್ನೆಗಳಿಗೆಲ್ಲ ಹುಡುಗರು ಪಟಪಟನೆ ಉತ್ತರ ಕೊಟ್ಟಿದ್ದರಂತೆ. ನಿಮ್ಮ ಉಪನ್ಯಾಸಕಿ ಎಲ್ಲಿ ಎಂದಾಗ ಸುಜಾತಾ ಗಂಟೆ ಬಾರಿಸಿ, "ಅವರು ಆಡಳಿತ ಪಕ್ಷದ ಜೋಡಿ ಸಭಾತ್ಯಾಗ ಮಾಡ್ಯಾರ್ರಿ" ಎಂದಳಂತೆ.

ಪ್ರಿನ್ಸಿಪಾಲರು ವರದಿಯನ್ನು ಓದಿದರು: "ಉಪನ್ಯಾಸಕರ ನೆರವಿಲ್ಲದೆಯೇ ಈ ವಿದ್ಯಾರ್ಥಿಗಳು ಸಂಸದೀಯ ವ್ಯವಸ್ಥೆಯನ್ನು ಪೂರ್ಣವಾಗಿ ಅರಿತಿದ್ದಾರೆ."

"ಹಂಗಾದ್ರ ನನ್ನ ಹದಿನೈದು ತಾಸು ಗಟ್ಟಿ ಅಲ್ರಿ ಸರ್?"

"ಅದನ್ನ ವಿಚಾರ ಮಾಡಾಕತ್ತೀನಿ ಮೇಡಂ. ನೀವು ಇಲ್ದನ ಇಷ್ಟು ಕಲಿತಾರಂದ್ರ, ಎಂಟು ತಾಸು ಸಾಕಲ್ಲ?"

ಪ್ರತಿಭಟಿಸಲು ಬಾಯಿ ತೆರೆದೆ. ಆದರೆ ವರದಿ ಸುಳ್ಳಲ್ಲ. ಏಳು ವರ್ಷದಲ್ಲಿ ನನ್ನ ತರಗತಿ ಇಷ್ಟು ಚೆನ್ನಾಗಿ ನಡೆದದ್ದು ಅದೊಂದೇ ದಿನ. ಅದೂ ನಾನು ಮಸ್ಕಿ ದಾಟಿದ ಮೇಲೆ!