ಮಾವ ಬಾಯಿಪಾಠ ಮಾಡಿಕೊಂಡು ಬಂದ ಚಿತ್ರಗಳು

ಡೊಂಬಿವಲಿಯ ನನ್ನ ಸೋದರಮಾವನ ಮುಂದೆ ಅಪ್ಪಿತಪ್ಪಿಯೂ "ಏನೇನುಂಟು?" ಎಂದು ಕೇಳಬೇಡಿ! ಮೂವತ್ತು ವರ್ಷ ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದವರು. ಎದ್ದು ನಿಂತು, ಕೈ ಹಿಂದೆ ಕಟ್ಟಿ, ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾರೆ. ಡಾಕ್ಟರು ಏನೇನು ತೊಂದರೆ ಉಂಟು ಎಂದು ಕೇಳಿದಾಗ, "ಶುಗರ್, ಬಿ.ಪಿ., ಸೊಂಟನೋವು, ಗ್ಯಾಸ್. ಗ್ಯಾಸ್ ಬಿಸಿಬಿಸಿ ಉಂಟು," ಎಂದರಂತೆ! ನಾನು ಕಂಡದ್ದಲ್ಲ, ಅತ್ತೆ ಹೇಳಿದ್ದು.

ಈ ಅತ್ತೆಗೆ ಬಹಳ ಕಾಲದಿಂದ ಒಂದೇ ಆಸೆ. ಮುಂಬಯಿಯ ಆಧುನಿಕ ಕಲೆಯ ರಾಷ್ಟ್ರೀಯ ಸಂಗ್ರಹಾಲಯವನ್ನು ಒಳಗಿನಿಂದ ನೋಡಬೇಕು. ಹೊರಗಿನಿಂದ ಧಾರಾಳ ನೋಡಿಯಾಗಿದೆ! ಮಾವನ ಹೋಟೆಲಿಗೆ ವಾರದ ರಜೆ ಸೋಮವಾರ, ಸಂಗ್ರಹಾಲಯಕ್ಕೂ ಸೋಮವಾರ. ಹಬ್ಬ ಬಂದರೆ ನಾವು ರಜೆಯಲ್ಲೂ ತೆರೆಯುತ್ತೇವಲ್ಲ, ಇವರೂ ತೆರೆಯಬಹುದು ಎಂಬುದು ಮಾವನ ತರ್ಕ. ಮೂರು ಸಲ ಹೋದೆವೆಂದು ಅತ್ತೆ, ಎರಡೇ ಎಂದು ಮಾವ. ಮುಚ್ಚಿದ ಗೇಟಿನೆದುರು ಅತ್ತೆ ಡಬ್ಬಿ ಬಿಚ್ಚಿ ಉಪ್ಪಿಟ್ಟು ಬಡಿಸಿದ್ದು ನನಗೂ ನೆನಪಿದೆ. ಆದರೆ ನಾನು ಅಲ್ಲಿದ್ದೆನೇ? ಕೇಳಿ ಕೇಳಿ ಹುಟ್ಟಿಕೊಂಡ ನೆನಪೂ ಇರಬಹುದು.

ಮಾವ ನಿವೃತ್ತರಾಗಿ ಏಳೂ ದಿನ ಸೋಮವಾರವಾಗುವಷ್ಟರಲ್ಲಿ ಅತ್ತೆಯ ಮಂಡಿ ಕೈಕೊಟ್ಟಿತು. ಲಿಫ್ಟಿಲ್ಲದ ಮೂರನೇ ಮಹಡಿ. ಲೋಕಲ್ ಟ್ರೇನಿನ ಮಾತೇ ಬೇಡ.

"ನೀವಾದ್ರೂ ಹೋಗಿ ಬನ್ನಿ. ಒಳಗೆ ಏನೇನುಂಟು ಅಂತ ಬಂದು ಹೇಳಿ," ಎಂದರು ಅತ್ತೆ.

ಅಯ್ಯೋ, ಅದೇ ಪ್ರಶ್ನೆ!

ಕಳೆದ ಮಂಗಳವಾರ ನಾನೇ ಮಾವನನ್ನು ಕರೆದುಕೊಂಡು ಹೋದೆ. ಒಳಗೆ ಹೋದವರು ಮೊದಲು ನೋಡಿದ್ದು ವಾಶ್ ಬೇಸಿನ್. ಕ್ಲೀನ್ ಉಂಟೆಂದು ಪಾಸು ಮಾಡಿದರು. ಬಿಳಿ ಕ್ಯಾನ್ವಾಸಿನ ನಡುವೆ ಒಂದೇ ಒಂದು ಕಪ್ಪು ಚುಕ್ಕೆಯಿದ್ದ ಚಿತ್ರದ ಮುಂದೆ ನಿಂತು, "ಪ್ಲೇಟು ಸರಿ ತೊಳೀಲಿಲ್ಲ," ಎಂದರು.

"ಮಾವ, ಅತ್ತೆಗೆ ತೋರಿಸ್ಲಿಕ್ಕೆ ಮೊಬೈಲಲ್ಲಿ ಫೋಟೊ ತೆಗೀಲಾ?"

"ಮೆನು ಕಾರ್ಡ್ ತೋರ್ಸಿದ್ರೆ ಹೊಟ್ಟೆ ತುಂಬ್ತದಾ ಮಾರಾಯ?"

ಪ್ರತಿ ಚಿತ್ರದ ಮುಂದೆಯೂ ತುಟಿ ಅಲ್ಲಾಡುತ್ತಿತ್ತು. ಹೊಸದೊಂದು ಬಂದಾಗಲೆಲ್ಲ ಮೊದಲಿನಿಂದ ಮತ್ತೆ ಶುರು! ಕಾವಲಿನವನು ಹತ್ತಿರ ಬಂದು ಮೆಲ್ಲಗೆ, "ಕಾಕಾ, ಜಪ್ ಕರತಾಯ್ ಕಾ?" ಎಂದು ಮರಾಠಿಯಲ್ಲಿ ಕೇಳಿದ, ಜಪ ಮಾಡ್ತಿದ್ದೀರಾ ಎಂದು.

"ಆರ್ಡರ್ ಆಹೇ!" ಎಂದು, ಅಂದರೆ ಆರ್ಡರ್ ಉಂಟೆಂದು, ಮಾವ ಮುಂದೆ ನಡೆದರು.

ವಾಪಸು ಬರುವಾಗ ಮರೆತುಹೋದೀತೆಂದು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ದಿವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಯಾರೋ ಕಾಲು ತುಳಿದರೂ ಬಯ್ಯಲಿಲ್ಲ ಎಂದರೆ ಯೋಚಿಸಿ!

ಮನೆಗೆ ಬಂದು ಚಪ್ಪಲಿ ಬಿಟ್ಟವರೇ ಅತ್ತೆಯ ಕುರ್ಚಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತರು. ಅತ್ತೆ ಕಣ್ಣು ಮುಚ್ಚಿದರು.

"ಕೆಂಪು ಕುದುರೆ, ತಲೆಯಿಲ್ಲದ ಗಂಡಸು, ಹಸಿರು ಮುಖದ ಹೆಂಗಸು, ಮುರಿದ ಏಣಿ, ಎಂತದ್ದೂ ಅಲ್ಲದ್ದು ದೊಡ್ಡದು, ಎಂತದ್ದೂ ಅಲ್ಲದ್ದು ಸಣ್ಣದು..." ಹೀಗೇ ಎರಡು ನಿಮಿಷ. ಒಂದೂ ತಪ್ಪಲಿಲ್ಲ. ಕೊನೆಗೆ ಉಸಿರು ತೆಗೆದುಕೊಂಡು, "ಮತ್ತೆ ಒಂದು ಗೇಟು. ಮುಚ್ಚಿದ್ದು. ಎದುರಲ್ಲಿ ನೀಲಿ ಸೀರೆಯವಳು ಡಬ್ಬಿ ಬಿಚ್ಚಿ ಗಂಡನಿಗೆ ಉಪ್ಪಿಟ್ಟು ಬಡಿಸ್ತಿದ್ದಾಳೆ," ಎಂದರು.

ಅಂಥ ಚಿತ್ರವನ್ನು ನಾನು ನೋಡಿದೆನೇ? ಅಂದು ರಾತ್ರಿ ದಿನಚರಿ ಬರೆಯುವಾಗ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅತ್ತೆ ಕಣ್ಣು ತೆರೆಯಲಿಲ್ಲ. "ಅವಳ ಮುಖ ಹೇಗುಂಟು?"

"ಸಿಟ್ಟು ಉಂಟು. ಆದ್ರೂ ಗಂಡನಿಗೇ ಜಾಸ್ತಿ ಬಡಿಸಿದ್ದಾಳೆ."

ಅತ್ತೆ, "ಅದೊಂದು ಇನ್ನೊಮ್ಮೆ ತನ್ನಿ," ಎಂದರು.