ಬಾಗಿಲಿನ ಓರೆ ಡಬ್ಬಿ

ಈ ಚಿಕಾಗೋದಲ್ಲಿ ಕಾರಲ್ಲಿ ಹೋದ್ರೆ ಏನೂ ಆಗಲ್ಲ. ನಡ್ಕೊಂಡು ಹೋದ್ರೆ ಏನಾದ್ರೊಂದು ಆಗ್ದೇ ಇರಲ್ಲ. ಎಲ್ಲೆಲ್ಲೂ ಕೆಲಸ ಹೋಗ್ತಿದ್ದ ಆ ವರ್ಷದ್ದು ಹೇಳ್ತೀನಿ ಕೇಳಿ.

ಇಂಜಿನಿಯರ್ ಕಣ್ಣು

ನಮ್ಮದು ಹಳೇ ಯಹೂದಿ ಬೀದಿ. ಇಟ್ಟಿಗೆ ಮನೆ, ಮಹಡಿ ಮೇಲೆ ನಾವು, ಕೆಳಗಡೆ ಬೆಂಗಳೂರಿನ ಗಂಡ ಹೆಂಡ್ತಿ. ಅವಳಿಗೆ ಏಳು ತಿಂಗಳು. ಅವರ ಬಾಗಿಲ ಚೌಕಟ್ಟಿಗೆ ಬೆರಳುದ್ದದ ತಗಡಿನ ಡಬ್ಬಿ ಒಂದನ್ನ ಓರೆಯಾಗಿ ಹೊಡೆದಿತ್ತು, ಹಿಂದೆ ಯಾವಾಗ್ಲೋ ಇದ್ದೋರದು. ಏನೋ ದೇವರದ್ದಿರ್ಬೇಕು ಅಂತ ಹುಡುಗಿ ಪ್ರತಿ ಶುಕ್ರವಾರ ಹೊಸಿಲಿನ ಜೊತೆ ಅದಕ್ಕೂ ಅರಿಶಿನ ಕುಂಕುಮ ಇಡೋಳು. ಗಂಡ ಇಂಜಿನಿಯರ್ರು. ಓರೆ ಇರೋದು ಕಣ್ಣಿಗೆ ಚುಚ್ಚುತ್ತೆ ಅಂತ ನೆಟ್ಟಗೆ ಮಾಡೋಕೆ ಹೋಗಿ ಕಿತ್ತೇಬಿಟ್ಟ.

ಅದೇ ವಾರ ಅವನ ಕೆಲಸ ಹೋಯ್ತು. ಬೇಗ ಇನ್ನೊಂದು ಸಿಗದಿದ್ರೆ ವೀಸಾನೂ ಇಲ್ಲ, ಹೆರಿಗೆಗೆ ಇನ್ಶೂರೆನ್ಸೂ ಇಲ್ಲ. ಹುಡುಗಿ ಸರಿಯಾಗಿ ಊಟ ಮಾಡೋದೂ ಬಿಟ್ಲು. ಡಬ್ಬಿ ಕಿತ್ತಿದ್ದಕ್ಕೇ ಹೀಗಾಯ್ತು ಅಂತ ಅವಳ ಹಠ. ಅವನು ತಲೆ ಎತ್ತದೇ ಅಂದ, "ಡೆಟ್ರಾಯ್ಟಲ್ಲಿ ಊರಿಗೆ ಊರೇ ಕೆಲಸ ಕಳ್ಕೊಂಡಿದೆಯಲ್ಲ, ಅಲ್ಲೂ ನಾನೇ ಹೋಗಿ ಡಬ್ಬಿ ಕಿತ್ತು ಬಂದ್ನಾ?"

ಶನಿವಾರ

ಡಾಕ್ಟ್ರು ಅವಳಿಗೆ ದಿನಾ ನಡೀಬೇಕು ಅಂದಿದ್ರು. ಡಬ್ಬಿನ ಕರ್ಚೀಫಲ್ಲಿ ಸುತ್ಕೊಂಡು ಅವಳೂ ನಾನೂ ಹೊರಟ್ವಿ, ತಿರುಗಿ ಹೊಡೆದುಕೊಡೋರು ಯಾರಾದ್ರೂ ಸಿಕ್ತಾರಾ ಅಂತ. ಅಂಗಡಿ ಎಲ್ಲ ಮುಚ್ಚಿತ್ತು. ಕರೀ ಟೋಪಿ ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಒಳ್ಳೊಳ್ಳೆ ಬಟ್ಟೆ ಹಾಕ್ಕೊಂಡು ನಡ್ಕೊಂಡೇ ಹೋಗ್ತಿದ್ರು. "ಪಾಪ ಕಣೇ, ಬೀದಿಗೆ ಬೀದಿನೇ ಕಾರು ಮಾರ್ಕೊಂಡಿದೆ" ಅಂದೆ.

ಮನೆಮನೆ ಚೌಕಟ್ಟು ಇಣುಕ್ತಾ ಹೋದ್ವಿ. ಎಲ್ಲ ಬಾಗಿಲಲ್ಲೂ ಅಂಥದ್ದೇ ಡಬ್ಬಿ, ಎಲ್ಲಾ ಓರೆ. ಒಂದು ಮನೇಲಿ ಅಜ್ಜಿಯೊಬ್ರು ಬಾಗಿಲು ತೆಗೆದು ಏನು ಬೇಕು ಅಂದ್ರು. ಹುಡುಗಿ ಇಂಗ್ಲಿಷಲ್ಲಿ ಎಲ್ಲ ಹೇಳಿದ್ಲು. ಶನಿವಾರ ನಮ್ಮ ದೇವರ ದಿನ, ಸುತ್ತಿಗೆ ಮುಟ್ಟಲ್ಲ, ಕಾರು ಹತ್ತಲ್ಲ, ಒಲೆ ಹಚ್ಚಲ್ಲ, ನಾಳೆ ನಮ್ಮೆಜಮಾನ್ರನ್ನ ಕಳಿಸ್ತೀನಿ ಅಂದ್ರಂತೆ. ನನಗೆ ತಕ್ಷಣ ಅರ್ಥ ಆಯ್ತು, ಮಡಿ. ಅಜ್ಜಿ ಪ್ರೀತಿಯಿಂದ ಕೈ ಚಾಚಿದ್ರು. ಮುಟ್ಟಿ ಮಡಿ ಕೆಡಿಸಬಾರದು ಅಂತ ನಾನು ಹಿಂದಕ್ಕೆ ನೆಗೆದು, ಅವರ ಹೂವಿನ ಗಿಡದ ಮೇಲೆ ಕೂತೆ.

ಜಗಳ

ಭಾನುವಾರ ಅಜ್ಜ ಬಂದ್ರು. ಡಬ್ಬಿ ಬಿಚ್ಚಿದ್ರೆ ಒಳಗೆ ಸುರುಳಿ ಸುತ್ತಿದ ತೊಗಲು, ಅದರ ಮೇಲೆ ಅವರ ದೇವರ ಮಾತು. ಅಕ್ಷರಕ್ಕೆಲ್ಲ ಕುಂಕುಮ ಇಳಿದಿತ್ತು. ಹೀಗೆ ಕೆಟ್ಟಿದ್ದನ್ನ ಮತ್ತೆ ಹೊಡೆಯೋ ಹಾಗಿಲ್ಲ, ಮಣ್ಣು ಮಾಡಬೇಕು ಅಂದ್ರು. ಹುಡುಗಿ ಹೊಟ್ಟೆ ಹಿಡ್ಕೊಂಡು ಅತ್ತಳು.

ಅಜ್ಜ ಹೇಳಿದ್ರು, "ಅಳಬೇಡಮ್ಮ. ಆ ಮನೆಯೋರು ಹೋದ್ಮೇಲೆ ಇದನ್ನ ಕಣ್ಣೆತ್ತಿ ನೋಡಿದೋಳು ನೀನೊಬ್ಳೇ. ನಿನ್ನ ಕುಂಕುಮದ ಸಮೇತ ಹೂಳ್ತೀನಿ."

ಗಂಡನಿಗೆ ಮಾತ್ರ ಒಂದೇ ಅನುಮಾನ, ಅದ್ಯಾಕೆ ಓರೆ? ಅಜ್ಜ ಅದನ್ನೂ ಹೇಳಿದ್ರು, ಹಿಂದೆ ಅವರ ಹಿರಿಯರೊಬ್ರು ಇದನ್ನ ನಿಲ್ಲಿಸಿ ಅಂದ್ರಂತೆ, ಇನ್ನೊಬ್ರು ಮಲಗಿಸಿ ಅಂದ್ರಂತೆ. ಇಬ್ಬರ ಮಾತೂ ತೆಗೆದುಹಾಕೋ ಹಾಗಿಲ್ಲ, ಅದಕ್ಕೇ ಓರೆ. ನಮ್ಮೋರಾಗಿದ್ರೆ ಅಷ್ಟೊತ್ತಿಗೆ ಎರಡು ಕನ್ನಡ ಸಂಘ ಆಗಿರೋದು.

ನಾಮಕರಣ

ಹೆರಿಗೆಗೆ ಸ್ವಲ್ಪ ಮುಂಚೆ ಅವನಿಗೆ ಕೆಲಸ ಸಿಕ್ತು. ಅದೂ ಎಲ್ಲಿ, ಡೆಟ್ರಾಯ್ಟ್ ಕಡೆ. ನಾರ್ತ್‌ವಿಲ್‌ನಲ್ಲಿ ಮನೆ ಮಾಡಿದ್ರು. ನಾಮಕರಣಕ್ಕೆ ಹೋದೆ. ಬಾಗಿಲ ಪಕ್ಕ ಚಾಮುಂಡಿ ಫೋಟೋ ಓರೆಯಾಗಿತ್ತು. ಪಾಪ, ಬಾಣಂತಿ ಮನೆ, ಯಾರೂ ನೋಡಿರಲ್ಲ ಅಂತ ನೆಟ್ಟಗೆ ಮಾಡೋಕೆ ಕೈ ಎತ್ತಿದೆ.

ಇಂಜಿನಿಯರ್ರು ಮಗು ಎತ್ಕೊಂಡೇ ಓಡಿಬಂದು ಅಡ್ಡ ನಿಂತ.

"ಆಂಟಿ, ಮುಟ್ಟಬೇಡಿ. ನಾನಿನ್ನೂ ಪ್ರೊಬೇಷನ್‌ನಲ್ಲಿದೀನಿ."